ಬೋರ್ಡ್ ಸತ್ತಿಲ್ಲ, ಚಿಪ್‌ನಲ್ಲಿದ್ದ ಬರಹ ಅಳಿಸಿದೆ

ಪ್ರಶ್ನೆ: ಉಡುಪಿ ಜಿಲ್ಲೆಯ ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ ಸರ್. ನಮ್ಮದು ಸೂಪರ್‌ಮೈಕ್ರೋ ಬೋರ್ಡ್ ಇರುವ ಟವರ್ ಸರ್ವರ್, ಇಂಟೆಲ್ ಪ್ರೊಸೆಸರ್, ಆರು ವರ್ಷ ಹಳೆಯದು. ಕಳೆದ ಶನಿವಾರ ಸಂಜೆ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ ಬಯೋಸ್ ಅಪ್‌ಡೇಟ್ ಹಾಕಿದೆ. ಅರ್ಧದಲ್ಲಿ ಗುಡುಗು ಶುರುವಾಗಿ ಕರೆಂಟ್ ಹೋಯಿತು. ಯುಪಿಎಸ್ ಒಂದು ನಿಮಿಷವೂ ತಡೆಯಲಿಲ್ಲ. ಈಗ ಆನ್ ಮಾಡಿದರೆ ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಪೂರ್ತಿ ಕಪ್ಪು. ಹಿಂಭಾಗದಲ್ಲಿ ದೂರದಿಂದ ಸರ್ವರ್ ನೋಡಿಕೊಳ್ಳಲು ಇರುವ ಐಪಿಎಂಐ ನೆಟ್‌ವರ್ಕ್ ಪೋರ್ಟ್‌ನ ಲೈಟ್ ಮಾತ್ರ ಮಿನುಗುತ್ತಿದೆ. ರಿಪೇರಿಯವರು "ಬೋರ್ಡ್ ಡೆಡ್, ಹೊಸತು ಹಾಕಬೇಕು" ಅನ್ನುತ್ತಾರೆ. ನಮ್ಮ ಬ್ಯಾಕಪ್ ಹದಿನೈದು ದಿನ ಹಳೆಯದು. ಡೇಟಾ ಹೋಯಿತಾ? ಬೋರ್ಡ್ ಉಳಿಯುತ್ತದಾ? ಇನ್ನು ಮುಂದೆ ಅಪ್‌ಡೇಟ್ ಹಾಕುವುದೇ ಬೇಡವಾ?

ಉತ್ತರ: ಡೇಟಾದ ಚಿಂತೆ ಮೊದಲು ಬಿಡಿ. ನಿಮ್ಮ ಸದಸ್ಯರ ಲೆಕ್ಕ ಇರುವುದು ಡಿಸ್ಕ್‌ನಲ್ಲಿ. ಬಯೋಸ್ ಅಂದರೆ ಕಂಪ್ಯೂಟರನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ, ಅದು ಇರುವುದು ಬೋರ್ಡ್ ಮೇಲೆ, ಬೆರಳಿನ ಉಗುರಿಗಿಂತ ಸಣ್ಣ ಚಿಪ್ ಒಂದರಲ್ಲಿ. ಅದು ಬೇರೆ, ಇದು ಬೇರೆ. ನೀವು ಪೆನ್ ಡ್ರೈವ್‌ನಿಂದ ಬೂಟ್ ಮಾಡಿದ್ದು ಒಳ್ಳೆಯದೇ ಆಯಿತು. ಕರೆಂಟ್ ಹೋದ ಹೊತ್ತಿನಲ್ಲಿ ಡಿಸ್ಕ್ ಮೇಲೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ.

ಆದರೂ ಒಂದು ಕೆಲಸ ಇವತ್ತೇ ಮಾಡಿ. ಡಿಸ್ಕ್‌ಗಳನ್ನೆಲ್ಲ ಹೊರಗೆ ತೆಗೆಯಿರಿ. ಯಾವುದು ಯಾವ ಸ್ಲಾಟ್‌ನಲ್ಲಿತ್ತು ಅಂತ ಟೇಪ್ ಅಂಟಿಸಿ ನಂಬರ್ ಬರೆಯಿರಿ. ಇನ್ನು ಮುಂದಿನ ಪ್ರಯೋಗ ಏನಿದ್ದರೂ ಡಿಸ್ಕ್ ಇಲ್ಲದ ಬೋರ್ಡ್ ಮೇಲೆ. ಯಾಕೆ ಅಂತ ಕೊನೆಯಲ್ಲಿ ಹೇಳುತ್ತೇನೆ. ಬಯೋಸ್ ಸರಿಯಾದ ಮೇಲೆ ಡೇಟಾ ಕಳೆದುಕೊಂಡವರನ್ನು ನಾನು ನೋಡಿದ್ದೇನೆ. ಅದು ಬಯೋಸ್ ಹಾಳಾದಾಗ ಹೋದ ಡೇಟಾ ಅಲ್ಲ, ಸರಿಯಾದ ಖುಷಿಯಲ್ಲಿ ಹೋದ ಡೇಟಾ.

ಈಗ ಬೋರ್ಡ್‌ನ ವಿಷಯ. ಆ ಐಪಿಎಂಐ ಲೈಟ್ ಮಿನುಗುತ್ತಿದೆ ಅಂತ ಬರೆದಿರಲ್ಲ, ನಿಮ್ಮ ಪತ್ರದಲ್ಲಿ ನನಗೆ ಬೇಕಿದ್ದ ಸಾಲು ಅದೇ. ಸರ್ವರ್ ಬೋರ್ಡ್‌ನಲ್ಲಿ ಒಂದರೊಳಗೆ ಇನ್ನೊಂದು ಕಂಪ್ಯೂಟರ್ ಇರುತ್ತದೆ. ಆ ಪೋರ್ಟ್ ಅದರದ್ದು, ಅದನ್ನು ಬಿಎಂಸಿ ಅನ್ನುತ್ತಾರೆ. ಡೆಲ್‌ನವರು ಅದಕ್ಕೆ ಐಡ್ರಾಕ್ ಅಂತ ಹೆಸರಿಟ್ಟಿದ್ದಾರೆ, ಎಚ್‌ಪಿಯವರು ಐಲೋ ಅನ್ನುತ್ತಾರೆ. ಅದಕ್ಕೆ ಅದರದ್ದೇ ಪ್ರೊಸೆಸರ್, ಅದರದ್ದೇ ಫರ್ಮ್‌ವೇರ್ (ಚಿಪ್‌ನಲ್ಲೇ ಬರೆದಿಟ್ಟ ಪ್ರೋಗ್ರಾಂ) ಚಿಪ್. ಸರ್ವರ್ ಆಫ್ ಇದ್ದರೂ ವೈರ್ ಚುಚ್ಚಿದ್ದರೆ ಸಾಕು, ಅದು ಎಚ್ಚರ ಇರುತ್ತದೆ. ಬೋರ್ಡ್ ಮೇಲೆ ಬಿಎಂಸಿ ಪಕ್ಕ ಒಂದು ಹಸಿರು ಎಲ್‌ಇಡಿ ಎದೆ ಬಡಿತದ ಹಾಗೆ ಹೊತ್ತಿ ಆರುತ್ತಿರಬೇಕು, ನೋಡಿ. ಅದೂ ಮಿನುಗುತ್ತಿದ್ದರೆ ಬೋರ್ಡ್‌ಗೆ ಕರೆಂಟ್ ಸರಿಯಾಗಿ ಬರುತ್ತಿದೆ, ಸಿಡಿಲಿಗೆ ಸುಟ್ಟಿಲ್ಲ ಅಂತ ಧೈರ್ಯ ತಂದುಕೊಳ್ಳಬಹುದು. ಹಾಳಾಗಿರುವುದು ಬಯೋಸ್ ಚಿಪ್‌ನೊಳಗಿನ ಬರಹ. ಚಿಪ್ ಕೂಡ ಅಲ್ಲ.

ಫ್ಲಾಶ್ ಚಿಪ್ ನಮ್ಮ ಶಾಲೆಯ ಸ್ಲೇಟಿನ ಹಾಗೆ. ಹಳೆಯದರ ಮೇಲೆಯೇ ಹೊಸತು ಬರೆಯಲು ಆಗುವುದಿಲ್ಲ, ಮೊದಲು ಒರೆಸಬೇಕು. ಒರೆಸುವುದೂ ಒಂದೊಂದು ಅಕ್ಷರ ಅಲ್ಲ. ಕಡಿಮೆ ಅಂದರೆ 4 ಕೆಬಿ, ಸಾಮಾನ್ಯವಾಗಿ 64 ಕೆಬಿಯ ತುಂಡು ಒಂದೇ ಸಲ ಖಾಲಿ. ನಿಮ್ಮಲ್ಲಿ ಕೆಲವು ತುಂಡು ಒರೆಸಿ ಆಗಿತ್ತು, ಬರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಪ್ರೊಸೆಸರ್ ಆನ್ ಆದ ಮೇಲೆ ಓದಬೇಕಾದ ಪಾಠ ಅಲ್ಲಿ ಪೂರ್ತಿ ಇಲ್ಲ. ಹಾಗಾಗಿ ಫ್ಯಾನ್ ತಿರುಗುತ್ತದೆ, ಮುಂದೆ ಏನೂ ಇಲ್ಲ.

ಒರೆಸಿದ್ದು ಎಷ್ಟು, ಉಳಿದದ್ದು ಎಷ್ಟು ಅಂತ ತಿಳಿಯಲು ಖರ್ಚಿಲ್ಲದ ಪರೀಕ್ಷೆ ಒಂದುಂಟು. ಪವರ್ ವೈರ್ ಕಿತ್ತು, ರ‍್ಯಾಮ್ ಎಲ್ಲ ಹೊರಗೆ ತೆಗೆಯಿರಿ. ಆಮೇಲೆ ಆನ್ ಮಾಡಿ ಕಿವಿಗೊಡಿ. ಸೂಪರ್‌ಮೈಕ್ರೋ ಬೋರ್ಡ್ ರ‍್ಯಾಮ್ ಕಾಣದಿದ್ದರೆ ಐದು ಗಿಡ್ಡ, ಒಂದು ಉದ್ದ ಬೀಪ್ ಹೊಡೆಯುತ್ತದೆ. ಹಾಗೆ ಬೀಪ್ ಬಂದರೆ ಬಯೋಸ್‌ನ ಬೂಟ್ ಬ್ಲಾಕ್, ಅಂದರೆ ಮೊದಲು ಓಡುವ ಸಣ್ಣ ಭಾಗ, ಬದುಕಿದೆ, ಅರ್ಧ ಕೆಲಸ ಆದ ಹಾಗೆ. ಬೋರ್ಡ್‌ನಲ್ಲಿ ಬಜರ್ ಇಲ್ಲದಿದ್ದರೆ ಹಳೆ ಕ್ಯಾಬಿನೆಟ್‌ನ ಸಣ್ಣ ಸ್ಪೀಕರ್ ತಂದು ಚುಚ್ಚಿ. ಸದ್ದು ಕೇಳಿಸಲಿಲ್ಲ ಅಂತ ಸುಮ್ನೆ ತೀರ್ಮಾನ ಮಾಡಬೇಡಿ.

ಬೋರ್ಡ್ ಮೇಲಿನ ನಾಣ್ಯದಂತಹ ಸೀಮಾಸ್ ಬ್ಯಾಟರಿ ತೆಗೆದು ಪುನಃ ಹಾಕುವುದನ್ನು ಎಲ್ಲರೂ ಹೇಳುತ್ತಾರೆ. ಮಾಡಿ, ನಷ್ಟ ಇಲ್ಲ. ಅದು ಸೆಟ್ಟಿಂಗ್ ಅಳಿಸುತ್ತದೆಯೇ ಹೊರತು ಒರೆಸಿ ಹೋದ ಫರ್ಮ್‌ವೇರ್ ತಂದುಕೊಡುವುದಿಲ್ಲ.

ಬೂಟ್ ಬ್ಲಾಕ್ ಬದುಕಿದ್ದರೆ ಪೆನ್ ಡ್ರೈವ್ ಸಾಕು. ಎಫ್‌ಎಟಿ32 ಫಾರ್ಮ್ಯಾಟ್ ಮಾಡಿ. ಕಂಪನಿಯ ಸೈಟ್‌ನಿಂದ ನಿಮ್ಮ ಬೋರ್ಡ್‌ನ ಬಯೋಸ್ ಇಳಿಸಿಕೊಳ್ಳಿ. ಬೋರ್ಡ್‌ನ ಹೆಸರು ಕೊನೆಯ ಅಕ್ಷರದವರೆಗೆ ಸರಿ ಇರಬೇಕು. ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಅದು ಬೇರೆ ಬೋರ್ಡ್. ಜಿಪ್ ಬಿಚ್ಚಿದಾಗ ಸಿಗುವ ದೊಡ್ಡ ಫೈಲ್‌ನ ಹೆಸರು ಬದಲಾಯಿಸಿ: ಎಸ್, ಯು, ಪಿ, ಇ, ಆರ್, ಚುಕ್ಕಿ, ಆರ್, ಓ, ಎಂ. ಎಲ್ಲ ದೊಡ್ಡಕ್ಷರದಲ್ಲಿ ಇಡಿ. ಫೋಲ್ಡರ್ ಒಳಗೆ ಬೇಡ, ನೇರ ಮೇಲೆಯೇ ಇರಲಿ. ರ‍್ಯಾಮ್ ವಾಪಸ್ ಹಾಕಿ, ಪೆನ್ ಡ್ರೈವ್ ಮತ್ತು ಯುಎಸ್‌ಬಿ ಕೀಬೋರ್ಡ್ ಚುಚ್ಚಿ, ಕಂಟ್ರೋಲ್ ಮತ್ತು ಹೋಮ್ ಎರಡೂ ಕೀ ಒತ್ತಿ ಹಿಡಿದುಕೊಂಡೇ ಪವರ್ ಆನ್ ಮಾಡಿ. ಪೆನ್ ಡ್ರೈವ್‌ನ ಲೈಟ್ ಮಿನುಗುವವರೆಗೆ ಕೈ ತೆಗೆಯಬೇಡಿ. ರಿಕವರಿ ಪುಟ ಬಂದರೆ ಫ್ಲಾಶ್ ಅಪ್‌ಡೇಟ್ ಮುಂದುವರಿಸಿ ಅನ್ನುವ ಸಾಲು ಆರಿಸಿ. ಇದಕ್ಕೆ ಕೈ ಹಾಕುವ ಮೊದಲು ಯುಪಿಎಸ್ ಬ್ಯಾಟರಿ ಬದಲಾಯಿಸಿರಬೇಕು. ಒಮ್ಮೆ ಆದದ್ದು ಪುನಃ ಆಗಬಾರದು ಅಲ್ವಾ.

ಬೀಪ್ ಬರಲಿಲ್ಲ, ಕೀ ಒತ್ತಿಯೂ ಏನೂ ಆಗಲಿಲ್ಲ ಅಂದರೆ ಬಿಎಂಸಿಯನ್ನು ಕೇಳಿ. ಆ ಪೋರ್ಟ್‌ಗೆ ಲ್ಯಾಪ್‌ಟಾಪ್ ಜೋಡಿಸಿ ಬ್ರೌಸರ್‌ನಲ್ಲಿ ಒಳಗೆ ಹೋದರೆ ಮೆಂಟೆನೆನ್ಸ್ ಮೆನುವಿನಲ್ಲಿ ಬಯೋಸ್ ಅಪ್‌ಡೇಟ್ ಇರುತ್ತದೆ. ಸರ್ವರ್ ಆಫ್ ಇದ್ದಾಗಲೇ ಬಿಎಂಸಿ ಬಯೋಸ್ ಚಿಪ್‌ಗೆ ನೇರ ಬರೆಯುತ್ತದೆ. ಪ್ರೊಸೆಸರ್ ಏಳಬೇಕಾಗಿಯೇ ಇಲ್ಲ. ಸೂಪರ್‌ಮೈಕ್ರೋದ ಎಷ್ಟೋ ಮಾದರಿಗಳಲ್ಲಿ ಇದಕ್ಕೊಂದು ಲೈಸೆನ್ಸ್ ಕೀ ಬೇಕು. ಮಾರಿದವರ ಹತ್ತಿರ ಕೇಳಿ. ಹೊಸ ಬೋರ್ಡ್‌ನ ಬೆಲೆಯ ಮುಂದೆ ಅದು ದೊಡ್ಡದಲ್ಲ. ಅಲ್ಲಿ ಏನನ್ನು ಉಳಿಸಬೇಕು ಅಂತ ಟಿಕ್ ಹಾಕುವ ಚೌಕಗಳು ಬರುತ್ತವೆ. ಎಸ್‌ಎಂಬಯೋಸ್ ಉಳಿಸಿ, ಬೋರ್ಡ್‌ನ ಸೀರಿಯಲ್ ನಂಬರ್ ಅದರಲ್ಲಿದೆ. ಎನ್‌ವಿರ‍್ಯಾಮ್ ಉಳಿಸಬೇಡಿ, ಅರ್ಧ ಬರೆದ ಸೆಟ್ಟಿಂಗ್ ಅಲ್ಲಿ ಸಿಕ್ಕಿಕೊಂಡಿರಬಹುದು.

ಹೆಚ್ಚಿನವರಿಗೆ ಇಲ್ಲಿಗೆ ಕೆಲಸ ಮುಗಿಯುತ್ತದೆ. ಮುಗಿಯದಿದ್ದರೆ ಚಿಪ್‌ಗೇ ಕ್ಲಿಪ್ ಹಾಕಬೇಕು. ಬೋರ್ಡ್ ಡೆಡ್ ಅಂದವರು ಈ ದಾರಿ ಹಿಡಿದಿಲ್ಲ ಅಂತ ನನ್ನ ಅಂದಾಜು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೋರ್ಡ್ ನಿಜವಾಗಿ ಹಾಳಾಗುವುದೂ ಇಲ್ಲಿಯೇ.

ಹಿಂದೆ ಈ ಕೆಲಸ ಬೇರೆ ರೀತಿ ಇತ್ತು. 1999ರ ಏಪ್ರಿಲ್ 26ರಂದು ಸಿಐಎಚ್ ಎಂಬ ವೈರಸ್ ಜಗತ್ತಿನ ಎಷ್ಟೋ ಕಂಪ್ಯೂಟರ್‌ಗಳ ಬಯೋಸ್ ಅಳಿಸಿಹಾಕಿತು. ಆಗ ಎಷ್ಟೋ ಬೋರ್ಡ್‌ಗಳಲ್ಲಿ ಚಿಪ್ ಸಾಕೆಟ್‌ನಲ್ಲಿ ಕೂತಿರುತ್ತಿತ್ತು. ಅದೇ ಮಾದರಿಯ ಒಳ್ಳೆ ಬೋರ್ಡ್ ಆನ್ ಮಾಡಿ, ಓಡುತ್ತಿರುವಾಗಲೇ ಅದರ ಚಿಪ್ ಕಿತ್ತು, ಹಾಳಾದ ಚಿಪ್ ಕೂರಿಸಿ ಬರೆಯುತ್ತಿದ್ದರು. ಈಗ ಚಿಪ್ ಬೋರ್ಡ್‌ಗೆ ಬೆಸುಗೆ ಆಗಿರುತ್ತದೆ. ಎಂಟು ಕಾಲು, ಕೆಲವು ಸರ್ವರ್ ಬೋರ್ಡ್‌ನಲ್ಲಿ ಹದಿನಾರು. ಚಿಪ್ ಕೀಳಬೇಕಾಗಿಲ್ಲ. ಬಟ್ಟೆ ಒಣಹಾಕುವ ಕ್ಲಿಪ್‌ನಂತಹದ್ದೇ ಒಂದು ಕ್ಲಿಪ್ ಕಾಲುಗಳಿಗೆ ಕಚ್ಚಿಸಿ, ಪ್ರೋಗ್ರಾಮರ್ ಅನ್ನುವ ಸಣ್ಣ ಉಪಕರಣದ ಮೂಲಕ ಓದಬಹುದು, ಬರೆಯಬಹುದು.

ಮೊದಲು ಟಾರ್ಚ್ ಹಿಡಿದು ಚಿಪ್ ಮೇಲಿನ ಅಕ್ಷರ ಓದಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡುವುದು ಇನ್ನೂ ಸುಲಭ. 25ಕ್ಯೂ128 ಅಂತ ಇದ್ದರೆ 128 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 16 ಎಂಬಿ. 256 ಅಂತ ಇದ್ದರೆ 32 ಎಂಬಿ. ಆ ನಂಬರ್‌ನ ಅಕ್ಕಪಕ್ಕದ ಅಕ್ಷರ ಅದಕ್ಕಿಂತಲೂ ಮುಖ್ಯ. ವಿನ್‌ಬಾಂಡ್‌ನ ಚಿಪ್‌ನಲ್ಲಿ ಎಫ್‌ವಿ, ಜೆವಿ ಅಂದರೆ 3.3 ವೋಲ್ಟ್. ಎಫ್‌ಡಬ್ಲ್ಯೂ, ಜೆಡಬ್ಲ್ಯೂ ಅಂದರೆ 1.8 ವೋಲ್ಟ್. ಮ್ಯಾಕ್ರೋನಿಕ್ಸ್‌ನದ್ದಾದರೆ 25ಎಲ್ ಅಂದರೆ 3.3, 25ಯು ಅಂದರೆ 1.8. ಕಡಿಮೆ ವೋಲ್ಟ್‌ನ ಚಿಪ್‌ಗೆ ಜಾಸ್ತಿ ವೋಲ್ಟ್ ಕೊಟ್ಟರೆ ಬರಹ ಮಾತ್ರ ಅಲ್ಲ, ಚಿಪ್ಪೇ ಹೋಗಬಹುದು. ಹಾಗೆಯೇ ಬೋರ್ಡ್‌ನಲ್ಲಿ ಇಂತಹ ಚಿಪ್ ಎರಡು ಇರುತ್ತವೆ, ಒಂದು ಬಯೋಸ್‌ನದ್ದು, ಒಂದು ಬಿಎಂಸಿಯದ್ದು. ಈಗ ಸರಿ ಇರುವುದನ್ನು ಹಾಳು ಮಾಡಬೇಡಿ.

ಪ್ರೋಗ್ರಾಮರ್ ಅಂದರೆ ಅಂಗಡಿಯವರು ಸಿಎಚ್341ಎ ಕೊಡುತ್ತಾರೆ. ಅಗ್ಗದ್ದು, ಕೆಲಸವೂ ಮಾಡುತ್ತದೆ. ಆದರೆ ಅದರ ಕಪ್ಪು ಬಣ್ಣದ ಬೋರ್ಡ್‌ಗೆ ಒಂದು ಗೊತ್ತಿರುವ ದೋಷ ಉಂಟು. 3.3 ವೋಲ್ಟ್ ಅಂತ ಇಟ್ಟರೂ ಡೇಟಾ ಲೈನ್‌ನಲ್ಲಿ 5 ವೋಲ್ಟ್ ಬರುತ್ತದೆ. ಮಲ್ಟಿಮೀಟರ್ ಹಿಡಿದು ನೋಡಿಯೇ ಬಳಸಿ. ನಾನಂತೂ ಸರ್ವರ್ ಬೋರ್ಡ್‌ಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಬಳಸುತ್ತೇನೆ. ಅದರ ಪಿನ್‌ಗಳು 3.3 ವೋಲ್ಟ್‌ನವು. 3.3 ವೋಲ್ಟ್‌ನ ಚಿಪ್ ಆದರೆ ಅದರ ಮೇಲೆ ಫ್ಲಾಶ್‌ರೋಮ್ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿದರೆ ಸಾಕು.

ಕ್ಲಿಪ್ ಹಾಕುವ ಮೊದಲು ಸರ್ವರ್‌ನ ಎಲ್ಲ ಪವರ್ ಸಪ್ಲೈಯ ವೈರ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಬಿಎಂಸಿಗೆ ಆಗಲೂ ಕರೆಂಟ್ ಹೋಗುತ್ತಿರುತ್ತದೆ. ಸೀಮಾಸ್ ಬ್ಯಾಟರಿಯನ್ನೂ ತೆಗೆಯಿರಿ. ಚಿಪ್‌ನ ಒಂದು ಮೂಲೆಯಲ್ಲಿ ಸಣ್ಣ ಚುಕ್ಕಿ ಇರುತ್ತದೆ, ಅದು ಒಂದನೇ ಕಾಲು. ಕ್ಲಿಪ್‌ನ ಕೆಂಪು ವೈರ್ ಅಲ್ಲಿಗೆ ಬರಬೇಕು.

ಆಮೇಲೆ ಓದಿ. ಬರೆಯಬೇಡಿ, ಓದಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಚಿಪ್‌ನಲ್ಲಿರುವುದನ್ನು ಪೂರ್ತಿ ಫೈಲ್ ಆಗಿ ತೆಗೆದಿಡಿ, ಹಾಳಾದ ಬರಹ ಆದರೂ ಸರಿ. ನಿಮ್ಮ ಬೋರ್ಡ್‌ನ ಗುರುತು ಅದರಲ್ಲಿದೆ: ಸೀರಿಯಲ್ ನಂಬರ್, ಯುಯುಐಡಿ ಅನ್ನುವ ಗುರುತಿನ ಸಂಖ್ಯೆ, ಕೆಲವು ಬೋರ್ಡ್‌ಗಳಲ್ಲಿ ನೆಟ್‌ವರ್ಕ್‌ನ ಮ್ಯಾಕ್ ವಿಳಾಸ ಕೂಡ. ಕಂಪನಿಯ ಫೈಲ್‌ನಲ್ಲಿ ಇದು ಯಾವುದೂ ಇರುವುದಿಲ್ಲ, ಅದು ಎಲ್ಲ ಬೋರ್ಡ್‌ಗೂ ಒಂದೇ ಫೈಲ್.

ಸುಮಾರು ವರ್ಷಗಳ ಹಿಂದೆ ಮಂಗಳೂರಿನ ಒಂದು ಆಫೀಸಿನಲ್ಲಿ ನಾನು ಈ ತಪ್ಪು ಮಾಡಿದ್ದೇನೆ. ಅವರಿಗೆ ಗಡಿಬಿಡಿ, ನನಗೂ ಗಡಿಬಿಡಿ. ಓದಿ ಇಡದೆ ನೇರ ಕಂಪನಿಯ ಫೈಲ್ ಬರೆದೆ. ಸರ್ವರ್ ಎದ್ದಿತು. ಎಲ್ಲರೂ ಚಹಾ ಕುಡಿದೆವು. ಆಮೇಲೆ ಅವರ ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯಲಿಲ್ಲ. ಅದರ ಲೈಸೆನ್ಸ್ ಬೋರ್ಡ್‌ನ ಗುರುತಿಗೆ ಕಟ್ಟಿದ್ದು, ಆ ಗುರುತನ್ನು ನಾನೇ ಅಳಿಸಿದ್ದೆ. ಹೊಸ ಲೈಸೆನ್ಸ್ ಬರಲು ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನ ಕೌಂಟರ್‌ನಲ್ಲಿದ್ದ ಹುಡುಗಿ ಕಾರ್ಬನ್ ಇಟ್ಟು ಕೈಯಲ್ಲಿ ರಸೀದಿ ಬರೆದಳು. ಅಂದಿನಿಂದ ಓದದೆ ಬರೆದದ್ದಿಲ್ಲ.

ಒಮ್ಮೆ ಓದಿದರೆ ಸಾಲದು, ಮೂರು ಸಲ ಓದಿ. ಮೂರು ಫೈಲ್‌ನ ಎಸ್‌ಎಚ್‌ಎ256, ಅಂದರೆ ಫೈಲ್‌ನ ಬೆರಳಚ್ಚಿನಂತಹ ಅಂಕೆ, ತೆಗೆದು ಹೋಲಿಸಿ. ಮೂರೂ ಒಂದೇ ಬಂದರೆ ಮಾತ್ರ ನಂಬಿ. ಕಳೆದ ಆಟಿ ತಿಂಗಳ ಮಳೆಗಾಲದಲ್ಲಿ ಮಲ್ಪೆ ಕಡೆಯ ಒಂದು ಆಫೀಸಿಗೆ ಹೋಗಿದ್ದೆ, ಕಿಟಕಿ ತೆಗೆದರೆ ಸಮುದ್ರದ ಗಾಳಿ. ಮೊದಲ ಸಲ ಓದಿದಾಗ ಫೈಲ್ ತುಂಬ ಬರೀ ಎಫ್‌ಎಫ್, ಅಂದರೆ ಒರೆಸಿದ ಜಾಗದ ಗುರುತು. ಚಿಪ್ ಪೂರ್ತಿ ಖಾಲಿ ಅಂತ ಕಾಣುತ್ತದೆ. ಕ್ಲಿಪ್ ಅಲ್ಲಾಡಿಸಿ ಎರಡನೇ ಸಲ, ಮೂರನೇ ಸಲ ಓದಿದೆ. ಈಗ ಏನೋ ಬಂತು, ಆದರೆ ಎರಡು ಫೈಲ್ ಒಂದಕ್ಕೊಂದು ತಾಳೆ ಇಲ್ಲ. ಟಾರ್ಚ್ ಹಾಕಿ ಓರೆಯಾಗಿ ನೋಡಿದರೆ ಚಿಪ್‌ನ ಎರಡು ಕಾಲುಗಳ ಮೇಲೆ ಹಸಿರು ಮಿಶ್ರಿತ ಬಿಳಿ ಪುಡಿ, ಉಪ್ಪುಗಾಳಿಯ ಕೆಲಸ. ಹಳೆ ಹಲ್ಲುಜ್ಜುವ ಬ್ರಶ್ ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಮೆಲ್ಲ ಉಜ್ಜಿದೆ, ಐದು ನಿಮಿಷ ಆರಲು ಬಿಟ್ಟೆ. ಕ್ಲಿಪ್ ಈ ಸಲ ಅಲ್ಲಾಡದೆ ಕೂತಿತು. ಮೂರು ಸಲವೂ ಒಂದೇ ಅಂಕೆ. ಹಾಗೆ ಉಜ್ಜದೆ ಮೊದಲ ಫೈಲ್ ನೋಡಿ ಚಿಪ್ ಖಾಲಿ ಅಂದುಕೊಂಡಿದ್ದರೆ ಅವರ ಬೋರ್ಡ್‌ನ ಸೀರಿಯಲ್ ನಂಬರ್‌ಗೂ ಅದೇ ಗತಿ ಆಗುತ್ತಿತ್ತು.

ಓದಿದ್ದು ಸರಿ ಇದೆಯಾ ಅಂತ ತಿಳಿಯಲು ಇನ್ನೊಂದು ಗುರುತು ಉಂಟು. ಇಂಟೆಲ್ ಬೋರ್ಡ್ ಆದರೆ ಫೈಲನ್ನು ಬೈಟ್ ಬೈಟ್ ಆಗಿ ತೋರಿಸುವ ಹೆಕ್ಸ್ ಎಡಿಟರ್‌ನಲ್ಲಿ ತೆರೆಯಿರಿ. ಸಾಮಾನ್ಯವಾಗಿ ಮೊದಲ 16 ಬೈಟ್ ಎಫ್‌ಎಫ್ ಇರುತ್ತದೆ, ಅದರ ನಂತರ 5ಎ, ಎ5, ಎಫ್0, 0ಎಫ್ ಅನ್ನುವ ನಾಲ್ಕು ಬೈಟ್ ಕಾಣಬೇಕು. ಅದು ಫ್ಲಾಶ್ ಡಿಸ್ಕ್ರಿಪ್ಟರ್‌ನ ಸಹಿ. ಚಿಪ್‌ನ ಯಾವ ಭಾಗದಲ್ಲಿ ಏನಿದೆ ಅಂತ ಹೇಳುವ ನಕ್ಷೆ ಅಲ್ಲಿಂದ ಶುರುವಾಗುತ್ತದೆ. ಅದು ಉಳಿದಿದ್ದರೆ ಪೂರ್ತಿ ಚಿಪ್ ಬರೆಯಬೇಕಾಗಿಲ್ಲ. ನಕ್ಷೆ ನೋಡಿ ಬಯೋಸ್ ಭಾಗ ಒಂದನ್ನೇ ಬರೆಯಲು ಫ್ಲಾಶ್‌ರೋಮ್‌ಗೆ ಹೇಳಬಹುದು. ಉಳಿದದ್ದನ್ನು ಮುಟ್ಟಬೇಡಿ. ಸೀರಿಯಲ್ ನಂಬರ್ ಕೆಲವೊಮ್ಮೆ ಬಯೋಸ್ ಭಾಗದ ಒಳಗೇ ಇರುತ್ತದೆ. ಓದಿಟ್ಟ ಫೈಲನ್ನು, ಬಯೋಸ್ ಬಿಡಿಸಿ ತೋರಿಸುವ ಯುಇಎಫ್ಐಟೂಲ್ ಸಾಫ್ಟ್‌ವೇರ್‌ನಲ್ಲಿ ತೆರೆದು ಅದನ್ನು ಹುಡುಕಿಟ್ಟುಕೊಳ್ಳಿ. ಬರೆದ ಮೇಲೆ ಫ್ಲಾಶ್‌ರೋಮ್ ತಾನೇ ಪುನಃ ಓದಿ ತಾಳೆ ನೋಡುತ್ತದೆ. ವೆರಿಫೈಡ್ ಅಂತ ಬರುವವರೆಗೆ ಕ್ಲಿಪ್ ಮುಟ್ಟಬೇಡಿ.

ಕ್ಲಿಪ್ ತೆಗೆದು, ಬ್ಯಾಟರಿ ಹಾಕಿ, ವೈರ್ ಚುಚ್ಚಿ ಆನ್ ಮಾಡಿದ ಮೇಲೆ ತಾಳ್ಮೆ ಬೇಕು. ಮೊದಲ ಸಲ ಸರ್ವರ್ ರ‍್ಯಾಮ್ ಎಲ್ಲ ಹೊಸದಾಗಿ ಅಳೆದು ನೋಡುತ್ತದೆ. ತಾನೇ ಎರಡು ಮೂರು ಸಲ ರೀಬೂಟ್ ಆಗಬಹುದು. ಐದು ಹತ್ತು ನಿಮಿಷ ಸ್ಕ್ರೀನ್ ಕಪ್ಪಗೇ ಇದ್ದರೂ ಪವರ್ ಬಟನ್ ಹತ್ತಿರ ಕೈ ಒಯ್ಯಬೇಡಿ.

ಬಯೋಸ್ ಪುಟ ಬಂತು ಅಂದುಕೊಳ್ಳಿ. ಡಿಸ್ಕ್ ಹೊರಗೆ ತೆಗೆಯಲು ಹೇಳಿದ್ದು ಈ ಗಳಿಗೆಗಾಗಿ. ಹೊಸ ಬಯೋಸ್‌ಗೆ ನಿಮ್ಮ ಹಳೆ ಸೆಟ್ಟಿಂಗ್ ಯಾವುದೂ ಗೊತ್ತಿಲ್ಲ. ಬೋರ್ಡ್‌ನಲ್ಲೇ ಇರುವ ರೇಡ್ (ಹಲವು ಡಿಸ್ಕ್ ಜೋಡಿಸಿ ಒಂದಾಗಿ ಬಳಸುವ ವ್ಯವಸ್ಥೆ) ಬಳಸಿದ್ದರೆ ಅದೀಗ ಸಾಮಾನ್ಯ ಮೋಡ್‌ಗೆ ಹೋಗಿರುತ್ತದೆ. ಹಾಗೆಯೇ ಬೂಟ್ ಮಾಡಿದರೆ ಒಂದರ ನಕಲು ಇನ್ನೊಂದಾಗಿದ್ದ ಎರಡು ಮಿರರ್ ಡಿಸ್ಕ್‌ಗಳು ಎರಡು ಬೇರೆ ಡಿಸ್ಕ್ ಅಂತ ಕಾಣುತ್ತವೆ, ಒಂದರ ಮೇಲೆ ಮಾತ್ರ ಬರೆದು ಮಿರರ್ ಕೆಡುತ್ತದೆ. ಇನಿಶಿಯಲೈಸ್ ಮಾಡಲಾ ಅಂತ ಕೇಳಿದರೆ ಗಾಬರಿಯಲ್ಲಿ ಯೆಸ್ ಒತ್ತುವವರೂ ಇದ್ದಾರೆ. ಹಾಗಾಗಿ ಮೊದಲು ಗಡಿಯಾರ ಸರಿ ಮಾಡಿ, ರೇಡ್ ಮೋಡ್ ಮೊದಲಿನ ಹಾಗೆ ಇಡಿ, ಬೂಟ್ ಮೋಡ್ ಹೊಸ ರೀತಿಯ ಯುಇಎಫ್ಐ ಇತ್ತಾ ಹಳೆ ರೀತಿಯ ಲೆಗಸಿ ಇತ್ತಾ ನೋಡಿ ಹಾಕಿ, ಸೇವ್ ಮಾಡಿ, ಆಫ್ ಮಾಡಿ. ಆಮೇಲೆ ಟೇಪ್ ನೋಡಿ ಅದದೇ ಸ್ಲಾಟ್‌ಗೆ ಡಿಸ್ಕ್ ಹಾಕಿ. ರೇಡ್‌ನ ಲೆಕ್ಕ ಡಿಸ್ಕ್‌ಗಳಲ್ಲೇ ಬರೆದಿರುತ್ತದೆ, ತಾನಾಗಿ ಗುರುತು ಹಿಡಿಯುತ್ತದೆ. ವಿಂಡೋಸ್‌ನಲ್ಲಿ ಡಿಸ್ಕ್‌ಗೆ ಬೀಗ ಹಾಕುವ ಬಿಟ್‌ಲಾಕರ್ ಹಾಕಿದ್ದರೆ ಅದು 48 ಅಂಕೆಯ ರಿಕವರಿ ಕೀ ಕೇಳಬಹುದು. ಆ ಕೀ ಎಲ್ಲಿದೆ ಅಂತ ಇವತ್ತೇ ಹುಡುಕಿ ಇಟ್ಟುಕೊಳ್ಳಿ.

ಇನ್ನು ಅಪ್‌ಡೇಟ್ ಬೇಡವೇ ಬೇಡವಾ ಅಂತ ಕೇಳಿದ್ದೀರಿ. ಬೇಕು. 2019ರ ನವೆಂಬರ್‌ನಲ್ಲಿ ಎಚ್‌ಪಿಇ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಎಚ್ಚರಿಕೆ ಕೊಟ್ಟಿತು. ಫರ್ಮ್‌ವೇರ್‌ನ ಒಂದು ತಪ್ಪಿನಿಂದ ಅವು 32,768 ಗಂಟೆ ಓಡಿದ ಕೂಡಲೇ ನಿಂತುಬಿಡುತ್ತವೆ, ಅಂದರೆ 3 ವರ್ಷ 270 ದಿನ 8 ಗಂಟೆ. ನಿಂತ ಮೇಲೆ ಡಿಸ್ಕೂ ಇಲ್ಲ, ಡೇಟಾವೂ ಇಲ್ಲ. ಒಂದೇ ದಿನ ಹಾಕಿದ ಡಿಸ್ಕ್‌ಗಳು ಒಂದೇ ಹೊತ್ತಿಗೆ ಹೋಗುತ್ತವೆ, ರೇಡ್ ಇದ್ದೂ ಉಪಯೋಗ ಇಲ್ಲ. ಅಂತಹ ಕಡೆ ಅಪ್‌ಡೇಟ್ ಹಾಕಿದವರು ಮಾತ್ರ ಉಳಿದರು. ಬಂದ ದಿನವೇ ಹಾಕಬೇಕು ಅಂತಲೂ ಇಲ್ಲ. 2018ರ ಜನವರಿಯಲ್ಲಿ ಸ್ಪೆಕ್ಟರ್ ಎಂಬ ಪ್ರೊಸೆಸರ್ ಭದ್ರತಾ ದೋಷಕ್ಕೆ ಅಂತ ಇಂಟೆಲ್ ಕೊಟ್ಟ ಮೈಕ್ರೋಕೋಡ್‌ನಿಂದ, ಅಂದರೆ ಪ್ರೊಸೆಸರ್‌ನ ಒಳ ಪ್ರೋಗ್ರಾಂನಿಂದ, ಕೆಲವು ಕಂಪ್ಯೂಟರ್‌ಗಳು ತಾವಾಗಿ ರೀಬೂಟ್ ಆಗತೊಡಗಿದವು. ಕೊನೆಗೆ ಇಂಟೆಲ್ಲೇ ಅದನ್ನು ಹಾಕುವುದು ನಿಲ್ಲಿಸಿ ಅಂದಿತು. ಏನು ಸರಿ ಮಾಡಿದ್ದಾರೆ ಅಂತ ಓದಿ, ನಿಮಗೆ ಬೇಕಾದದ್ದಿದ್ದರೆ ಕೆಲವು ವಾರ ಬಿಟ್ಟು ಹಾಕಿ.

ಹೊತ್ತು ಮಾತ್ರ ನೋಡಿ ಆರಿಸಿ. ನಮ್ಮ ಕರಾವಳಿಯಲ್ಲಿ ಏಪ್ರಿಲ್, ಮೇ ಮತ್ತು ಅಕ್ಟೋಬರ್, ನವೆಂಬರ್‌ನಲ್ಲಿ ಮಧ್ಯಾಹ್ನ ಮೇಲೆ ಗುಡುಗು ಸಿಡಿಲು ಜಾಸ್ತಿ. ಆ ತಿಂಗಳುಗಳಲ್ಲಿ ಸಂಜೆ ಫರ್ಮ್‌ವೇರ್ ಮುಟ್ಟುವುದೇ ಬೇಡ. ಭಾನುವಾರ ಬೆಳಿಗ್ಗೆ ಮಾಡಿ. ಮೆಸ್ಕಾಂನವರು ಆ ದಿನ ಲೈನ್ ಕೆಲಸಕ್ಕೆ ಕರೆಂಟ್ ತೆಗೆಯುತ್ತಾರಾ ಅಂತ ಹಿಂದಿನ ದಿನದ ಪೇಪರ್‌ನಲ್ಲಿ ನೋಡಿ. ಯುಪಿಎಸ್ ಇದೆ ಅಂತ ನಂಬಿ ಕೂರಬೇಡಿ. ಸರ್ವರ್ ಬದಲು ಒಂದೆರಡು ದೊಡ್ಡ ಬಲ್ಬ್ ಜೋಡಿಸಿ ಗೋಡೆಯ ಸ್ವಿಚ್ ಆಫ್ ಮಾಡಿ, ಅರ್ಧ ಗಂಟೆ ಉರಿಯುತ್ತದಾ ನೋಡಿ. ಸರ್ವರ್ ಒಮ್ಮೆ ಎದ್ದ ಮೇಲೆ ಆ ಒಳ್ಳೆಯ ಬಯೋಸನ್ನೂ ಓದಿ ಪೆನ್ ಡ್ರೈವ್‌ನಲ್ಲಿ ಇಟ್ಟು, ಸಂಘದ ತಿಜೋರಿಯಲ್ಲಿ ಇಡಿಸಿ.

ಇವತ್ತು ಡಿಸ್ಕ್ ತೆಗೆದಿಟ್ಟು, ನಾಳೆ ಮೊದಲು ರ‍್ಯಾಮ್ ತೆಗೆದು ಆನ್ ಮಾಡಿ. ಬೀಪ್ ಎಷ್ಟು ಬಂತು, ಗಿಡ್ಡವಾ ಉದ್ದವಾ ಅಂತ ಬರೆಯಿರಿ. ಎರಡೂ ಚಿಪ್‌ನ ಫೋಟೋ ಕೂಡ ಕಳಿಸಿ, ಮೇಲಿನ ಅಕ್ಷರ ಓದಲು ಬರುವ ಹಾಗೆ. ಯಾವುದಕ್ಕೆ ಕ್ಲಿಪ್ ಹಾಕಬೇಕು, ಎಷ್ಟು ವೋಲ್ಟ್ ಅಂತ ನಾನು ನೋಡಿ ಹೇಳುವವರೆಗೆ ಬೋರ್ಡ್ ಯಾರಿಗೂ ಕೊಡಬೇಡಿ.